ಹೆಸರಿಲ್ಲದ ಹುಡುಗ, ಹೆಸರಿಲ್ಲದ ಹುಡುಗಿ, ತೂತು ಬಿದ್ದ ಗಿಟಾರ್!

ಈ ಚಿತ್ರದ ನಾಯಕನಿಗೆ ಹೆಸರಿಲ್ಲ. ನಾಯಕಿಗೂ ಇಲ್ಲ. ಕೊನೆಯಲ್ಲಿ ಓಡುವ ಅಕ್ಷರಗಳಲ್ಲೂ ಬರೀ ‘ಹುಡುಗ’, ‘ಹುಡುಗಿ’ ಅಂತ ಹಾಕಿ ಕೈತೊಳೆದುಕೊಂಡಿದ್ದಾರೆ! ಫೈಟಿಂಗ್ ಇಲ್ಲ, ವಿಲನ್ ಇಲ್ಲ, ಮರ ಸುತ್ತುವ ಡ್ಯೂಯೆಟ್ ಅಂತೂ ಇಲ್ಲವೇ ಇಲ್ಲ. ಆದರೂ 2007ರಲ್ಲಿ ತೆರೆಕಂಡ ಐರ್ಲೆಂಡಿನ ‘ವನ್ಸ್’ ಎಂಬ ಈ ಪುಟ್ಟ ಚಿತ್ರವನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಅದರಲ್ಲಿ ಮೂರು ಸಲ ನನ್ನ ರೂಮ್‌ಮೇಟ್ ಪಕ್ಕದಲ್ಲಿದ್ದ. ಅವನ ವಿಷಯ ಆಮೇಲೆ.

ಕಥೆ ಇಷ್ಟೇ. ಡಬ್ಲಿನ್ ನಗರದ ಗ್ರಾಫ್ಟನ್ ಸ್ಟ್ರೀಟ್‌ನಲ್ಲಿ ಒಬ್ಬ ಗಿಟಾರ್ ಹಿಡಿದು ಹಾಡುತ್ತಾನೆ. ಗಿಟಾರಿನ ಪೆಟ್ಟಿಗೆ ಮುಂದೆ ತೆರೆದಿರುತ್ತದೆ, ದಾರಿಹೋಕರು ಚಿಲ್ಲರೆ ಹಾಕುತ್ತಾರೆ. ಮೊದಲ ದೃಶ್ಯದಲ್ಲೇ ಕಳ್ಳನೊಬ್ಬ ಆ ಚಿಲ್ಲರೆ ಎತ್ತಿಕೊಂಡು ಓಟ! ನಾಯಕ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ. ಇನ್ನೇನು, ಒದೆ ಬೀಳುತ್ತದೆ ಅಂತ ಕಾದರೆ ನಿಮಗೆ ನಿರಾಶೆ. ಇಬ್ಬರೂ ಏದುಸಿರು ಬಿಡುತ್ತಾ ಮಾತಿಗಿಳಿಯುತ್ತಾರೆ. ಹೊಟ್ಟೆಪಾಡಿಗೆ ಈ ನಾಯಕ ಅಪ್ಪನ ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುತ್ತಾನೆ. ಹುಡುಗಿ ಚೆಕ್ ದೇಶದಿಂದ ಬಂದವಳು, ಬೀದಿಯಲ್ಲಿ ಹೂವು ಮಾರುತ್ತಾಳೆ. ಮನೆಯಲ್ಲಿ ತಾಯಿ, ಒಂದು ಪುಟ್ಟ ಮಗು. ಗಂಡ ಊರಲ್ಲೇ ಉಳಿದಿದ್ದಾನೆ.

ಅವಳು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು. ನಿನ್ನ ಸ್ವಂತ ಹಾಡನ್ನು ಹಗಲು ಹೊತ್ತು ಯಾಕೆ ಹಾಡಲ್ಲ? ಹಗಲಲ್ಲಿ ಜನಕ್ಕೆ ಗೊತ್ತಿರೋ ಹಾಡೇ ಬೇಕು, ಇಲ್ಲದಿದ್ದರೆ ಕಾಸು ಬೀಳಲ್ಲ ಅನ್ನುತ್ತಾನೆ. ಸ್ವಂತ ಹಾಡಿಗೆ ರಾತ್ರಿ. ಕೇಳುವವರು ಯಾರೂ ಇಲ್ಲದಾಗ.

ಈ ಮಾತು ಬಂದಾಗ ರೂಮ್‌ಮೇಟ್ ‘ಪಾಸ್ ಮಾಡೋ’ ಅಂದ. ಎದ್ದು ಹೋಗಿ ನೀರು ಕುಡಿದು ಬಂದ.

ಅವನು ಅರಸೀಕೆರೆ ಕಡೆಯವನು. ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಊರಹಬ್ಬ, ಮದುವೆ ರಿಸೆಪ್ಷನ್. ಅಣ್ಣಾವ್ರ ಹಾಡು, ಎಸ್ಪಿಬಿ ಹಾಡು, ಈಗಿನ ಹಿಟ್ ಹಾಡು, ಯಾವುದು ಕೇಳಿದರೂ ರೆಡಿ. ಟ್ರಂಕಿನಲ್ಲಿ ಮಾತ್ರ ಎರಡು ನೋಟ್‌ಬುಕ್ ತುಂಬ ಅವನದೇ ಹಾಡು, ಅವನದೇ ಟ್ಯೂನು. ಗಾಂಧಿನಗರದ ಆಫೀಸುಗಳಿಗೆ ಆ ನೋಟ್‌ಬುಕ್ ಹಿಡಿದು ಅಲೆದು ಸವೆಸಿದ ಚಪ್ಪಲಿಗೆ ಲೆಕ್ಕ ಇಲ್ಲ. ‘ಫೋನ್ ಮಾಡ್ತೀವಿ’ ಅಂದವರು ಇವತ್ತಿನವರೆಗೆ ಮಾಡಿಲ್ಲ. ಊರಿಂದ ಅಪ್ಪನ ಫೋನು ಮಾತ್ರ ತಪ್ಪದೆ ಬರುತ್ತೆ. ‘ಸಾಕು ಬಾರಪ್ಪ, ಅಂಗಡಿ ನೋಡ್ಕೋ.’

ಚಿತ್ರಕ್ಕೆ ಬರೋಣ. ನಾಯಕನ ಪಾತ್ರ ಮಾಡಿದ ಗ್ಲೆನ್ ಹ್ಯಾನ್ಸರ್ಡ್ ನಟನೆ ಕಲಿತು ಬಂದವನಲ್ಲ. 1970ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವನು. 13ನೇ ವಯಸ್ಸಿಗೇ ಶಾಲೆ ಬಿಟ್ಟು ಬೀದಿಯಲ್ಲಿ ಹಾಡಲು ನಿಂತ. (ಪಿಯುಸಿ ಬಿಟ್ಟ ನನಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ!) ಆಮೇಲೆ ‘ದಿ ಫ್ರೇಮ್ಸ್’ ಅಂತ ತಂಡ ಕಟ್ಟಿದ. ಅದರಲ್ಲಿ ಕೆಲಕಾಲ ಬೇಸ್ ಗಿಟಾರ್ ನುಡಿಸಿದ ಜಾನ್ ಕಾರ್ನಿಯೇ ಮುಂದೆ ‘ವನ್ಸ್’ ನಿರ್ದೇಶಿಸಿದ್ದು. ಮೊದಲು ನಾಯಕನಾಗಬೇಕಿದ್ದವರು ಯಾರು ಗೊತ್ತೆ? ‘ಆಪನ್‌ಹೈಮರ್’ ಚಿತ್ರಕ್ಕೆ 2024ರಲ್ಲಿ ಆಸ್ಕರ್ ಗೆದ್ದ ಕಿಲಿಯನ್ ಮರ್ಫಿ! ಅವರು ಹಿಂದೆ ಸರಿದ ಮೇಲೆ, ಹಾಡು ಬರೆದವನೇ ಪಾತ್ರವನ್ನೂ ಮಾಡಲಿ ಅಂತಾಯಿತು. ಹುಡುಗಿಯಾಗಿ ನಟಿಸಿದ ಮಾರ್ಕೆಟಾ ಇರ್ಗ್ಲೋವಾ ಕೂಡ ಸಂಗೀತದವಳೇ. ಹ್ಯಾನ್ಸರ್ಡ್ ಕೈಯಲ್ಲಿರುವ ಗಿಟಾರ್ ನೋಡಿ. ಬಾರಿಸಿ ಬಾರಿಸಿ ಮರವೇ ಸವೆದು ಇನ್ನೊಂದು ತೂತು ಬಿದ್ದಿದೆ. ಅದು ಆರ್ಟ್ ಡೈರೆಕ್ಟರ್ ಕೆಲಸವಲ್ಲ ಸ್ವಾಮಿ, ನಿಜವಾದ ತೂತು!

ಶೂಟಿಂಗ್ 17 ದಿನ. ಖರ್ಚು ಸುಮಾರು 1,12,000 ಯೂರೋ. ನಮ್ಮಲ್ಲಿ ಒಂದು ಹಾಡಿನ ಸೆಟ್‌ಗೇ ಅಷ್ಟು ಸುರಿಯುವವರಿದ್ದಾರೆ. ಬೀದಿಯ ದೃಶ್ಯಗಳನ್ನು ದೂರದಿಂದ ಲಾಂಗ್ ಲೆನ್ಸ್ ಹಾಕಿ ತೆಗೆದರು, ಪಕ್ಕದಲ್ಲಿ ನಡೆದುಹೋಗುವವರಿಗೆ ಅದು ಸಿನಿಮಾ ಅಂತಲೂ ತಿಳಿಯಲಿಲ್ಲ. ಜಗತ್ತಿನಾದ್ಯಂತ ಗಳಿಕೆ 2 ಕೋಟಿ ಡಾಲರ್ ದಾಟಿತು. 2012ರಲ್ಲಿ ಇದೇ ಕಥೆ ಬ್ರಾಡ್‌ವೇ ನಾಟಕವಾಗಿ 8 ಟೋನಿ ಪ್ರಶಸ್ತಿ ಬಾಚಿಕೊಂಡಿತು.

ಈಗ ಪ್ರೇಮದ ವಿಷಯ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಜಾಗ. ಅಪ್ಪನ ಬೈಕಿನಲ್ಲಿ ಹುಡುಗ ಅವಳನ್ನು ಸಮುದ್ರ ಕಾಣುವ ಕಡೆ ಕರೆದೊಯ್ಯುತ್ತಾನೆ. ‘ಅವನನ್ನು ಪ್ರೀತಿಸ್ತೀಯಾ’ ಅನ್ನೋದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ ಅಂತ ಕೇಳಿಕೊಂಡು, ಅದೇ ಮಾತನ್ನು ಅವಳಿಗೇ ತಿರುಗಿಸುತ್ತಾನೆ. ಅವಳು ಚೆಕ್ ಭಾಷೆಯಲ್ಲೇ ಉತ್ತರ ಕೊಡುತ್ತಾಳೆ. ಅವನಿಗೆ ಅರ್ಥವಾಗೋದಿಲ್ಲ. ಕೆಳಗೆ ಸಬ್‌ಟೈಟಲ್ ಕೂಡ ಹಾಕಿಲ್ಲ! ಏನಂದೆ ಅಂದರೆ ಅವಳು ಹೇಳುವುದಿಲ್ಲ. ಅವಳಂದದ್ದು, ನಾನು ಪ್ರೀತಿಸೋದು ನಿನ್ನನ್ನ ಅಂತ.

ಹುಡುಗ ಹಾಡುಗಳನ್ನು ರೆಕಾರ್ಡ್ ಮಾಡಿಸಿಕೊಂಡು ಲಂಡನ್ನಿಗೆ ಹೊರಡುತ್ತಾನೆ. ಹೊರಡುವ ಮುಂಚೆ ಅವಳ ಮನೆಗೊಂದು ಪಿಯಾನೋ ಕಳಿಸುತ್ತಾನೆ. ಅಷ್ಟು ದಿನ ಅವಳು ವಾದ್ಯದ ಅಂಗಡಿಯವನು ಬಿಟ್ಟ ಹೊತ್ತಿನಲ್ಲಿ ಮಾತ್ರ ನುಡಿಸುತ್ತಿದ್ದವಳು. ಅವಳ ಗಂಡ ಬಂದಿದ್ದಾನೆ. ಅವಳು ನುಡಿಸುತ್ತಾ ಕಿಟಕಿಯಾಚೆ ನೋಡುತ್ತಾಳೆ. ಮುಗಿಯಿತು.

ನಮ್ಮವರಾಗಿದ್ದರೆ ಗಂಡನನ್ನು ಲಾರಿಗೆ ಸಿಕ್ಕಿಸಿ ಇವರಿಬ್ಬರಿಗೆ ಹಾರ ಹಾಕಿಸುತ್ತಿದ್ದರು ಅಂತ ನಾನು ನಕ್ಕೆ. ರೂಮ್‌ಮೇಟ್ ನಗಲಿಲ್ಲ. ಅವರ ಆರ್ಕೆಸ್ಟ್ರಾದಲ್ಲಿ ಹೆಣ್ಣು ದನಿಗೆ ಹಾಡುತ್ತಿದ್ದ ಹುಡುಗಿಯೊಬ್ಬಳು, ಇವನ ಹಾಡೊಂದನ್ನು ರೆಕಾರ್ಡ್ ಮಾಡಿಸಲು ಚೀಟಿ ದುಡ್ಡಿನಲ್ಲಿ ಮೂರು ಸಾವಿರ ಕೊಟ್ಟಿದ್ದಳು. ಹೋದ ವರ್ಷ ಅವಳ ಮದುವೆಯಾಯಿತು. ರಿಸೆಪ್ಷನ್‌ನಲ್ಲಿ ಹಾಡಿದ್ದೂ ಇವನೇ. ಆ ಮೂರು ಸಾವಿರ ವಾಪಸ್ ಕೊಡಲು ಹೋದರೆ ತಗೊಳ್ಳಲಿಲ್ಲವಂತೆ.

ತೆರೆಯ ಹೊರಗಿನ ಕಥೆಯೂ ಕೇಳಿ. 2008ರ ಫೆಬ್ರವರಿ 24ರಂದು ಇದರ ‘ಫಾಲಿಂಗ್ ಸ್ಲೋಲಿ’ ಹಾಡಿಗೆ ಆಸ್ಕರ್ ಬಂತು. ಹ್ಯಾನ್ಸರ್ಡ್ ಮಾತಾಡಿದ. 19ರ ಮಾರ್ಕೆಟಾ ಮೈಕಿನ ಹತ್ತಿರ ಬರುವಷ್ಟರಲ್ಲಿ ಟೈಮಾಯಿತು ಅಂತ ವಾದ್ಯ ಬಾರಿಸಿಬಿಟ್ಟರು! ಜಾಹೀರಾತು ಮುಗಿದ ಮೇಲೆ ನಿರೂಪಕ ಜಾನ್ ಸ್ಟುವರ್ಟ್ ಅವಳನ್ನು ಮತ್ತೆ ವೇದಿಕೆಗೆ ಕರೆತಂದರು. ಇದು ಕಷ್ಟಪಡುತ್ತಿರುವ ಎಲ್ಲ ಸ್ವತಂತ್ರ ಸಂಗೀತಗಾರರ ಗೆಲುವು ಎಂಬರ್ಥದಲ್ಲಿ ಆಕೆ ನಾಲ್ಕು ಮಾತಾಡಿದಳು. ಆಗ ಇಬ್ಬರೂ ನಿಜಜೀವನದಲ್ಲೂ ಪ್ರೇಮಿಗಳಾಗಿದ್ದರು. ಆಮೇಲೆ ಬೇರೆಯಾದರು. ಬೇರೆಯಾದ ದುಃಖವನ್ನೇ 2009ರಲ್ಲಿ ‘ಸ್ಟ್ರಿಕ್ಟ್ ಜಾಯ್’ ಎಂಬ ಆಲ್ಬಮ್ ಮಾಡಿದರು. 2025ರಲ್ಲಿ ಮತ್ತೆ ಜೊತೆಯಾಗಿ ‘ಫಾರ್ವರ್ಡ್’ ಎಂಬ ಆಲ್ಬಮ್ ತಂದರು. ಪ್ರೀತಿ ಮುಗಿದರೂ ಜೊತೆಗೆ ಹಾಡುವುದು ಮುಗಿಯಲಿಲ್ಲ. ನಮ್ಮ ಹುಡುಗರಿಗೆ ಇದು ಬೇಗ ಅರ್ಥವಾಗಲ್ಲ, ನನಗೂ ಪೂರ್ತಿ ಆಗಿಲ್ಲ.

ಕಳೆದ ಗಣೇಶೋತ್ಸವದಲ್ಲಿ ಮಂಡ್ಯದ ಕಡೆ ಒಂದು ಹಳ್ಳಿಗೆ ಅವನ ಜೊತೆ ಹೋಗಿದ್ದೆ. ಹತ್ತು ಗಂಟೆಗೆ ಮೈಕು ನಿಲ್ಲಿಸಬೇಕು. ಹತ್ತಕ್ಕೆ ಐದು ನಿಮಿಷ ಇದ್ದಾಗ, ಯಾರನ್ನೂ ಕೇಳದೆ, ಆ ಮೂರು ಸಾವಿರದ ಹಾಡು ಶುರುಮಾಡಿದ. ಕೀಬೋರ್ಡಿನವನಿಗೆ ಗಾಬರಿ! ಶಿಳ್ಳೆ ಬೀಳಲಿಲ್ಲ, ಯಾರೂ ಕೂಗಲೂ ಇಲ್ಲ. ಕೆಲವರು ಚಾಪೆ ಸುತ್ತಿಕೊಂಡು ಹೊರಟರು. ವ್ಯಾನಿಗೆ ಸ್ಪೀಕರ್ ಏರಿಸುತ್ತಿದ್ದಾಗ ಹತ್ತು ಹನ್ನೆರಡು ವಯಸ್ಸಿನ ಹುಡುಗನೊಬ್ಬ ಹತ್ತಿರ ಬಂದ.

‘ಅಣ್ಣಾ, ಕೊನೇದು ಯಾವ ಪಿಚ್ಚರ್ ಹಾಡು?’

ರೂಮ್‌ಮೇಟ್ ಕೈಯಲ್ಲಿದ್ದ ವೈರು ಕೆಳಗಿಟ್ಟ.

‘ಪಿಚ್ಚರ್ ಇನ್ನೂ ಬಂದಿಲ್ಲ ಕಣೋ’ ಅಂದ.