ಒಂದು ಗುಂಟೆಯ ಹದ

ಇಂಗ್ಲೆಂಡಿನ ಊರುಗಳಲ್ಲಿ ‘ಅಲಾಟ್‌ಮೆಂಟ್’ ಎಂಬುದೊಂದಿದೆ. ತರಕಾರಿ ಬೆಳೆದುಕೊಳ್ಳಲು ಕೌನ್ಸಿಲ್ ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲ. ಬೇಡಿಕೆ ಇರುವಲ್ಲಿ ಹೀಗೆ ನೆಲ ಒದಗಿಸುವುದು ಕೌನ್ಸಿಲ್‌ಗಳ ಕರ್ತವ್ಯವೆಂದು 1908ರ ಕಾಯ್ದೆ ಹೇಳಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ‘ಡಿಗ್ ಫಾರ್ ವಿಕ್ಟರಿ’ ಎಂದು ಪಾರ್ಕುಗಳನ್ನೂ ಅಗೆದು ತರಕಾರಿ ಬೆಳೆದರು. ಪೂರ್ಣ ಅಳತೆಯ ತುಂಡೆಂದರೆ 10 ರಾಡ್, ಸುಮಾರು 250 ಚದರ ಮೀಟರ್. ಲೀಡ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವ ನನಗೆ ಸಿಕ್ಕಿದ್ದು ಅದರ ಅರ್ಧ. ಲೆಕ್ಕ ಹೇಳಿದಾಗ ಅಪ್ಪ ಫೋನಿನಲ್ಲೇ ನಕ್ಕ. “ಅಂದ್ರ ಒಂದು ಗುಂಟೆ, ಮ್ಯಾಲ ಚೂರು. ನಮ್ಮ ಬದುನ ಅದಕ್ಕಿಂತ ದೊಡ್ಡದೈತಲ್ಲ ಯವ್ವಾ!”

ನವಲಗುಂದದ ಕಡೆಯ ನಮ್ಮ ಎರೆಹೊಲದಲ್ಲಿ ಬಿತ್ತಲು ಕಾಯುವುದು ಮಳೆಗೆ. ಇಲ್ಲಿ ಮಳೆಗೆ ಬರವಿಲ್ಲ, ಕಾಯುವುದು ನೆಲದ ಕಾವಿಗೆ. ಮಾರ್ಚ್‌ನಲ್ಲಿ ಅಂಗಡಿ ತುಂಬ ಬೀಜದ ಪೊಟ್ಟಣ ಬಂದರೂ ಮಣ್ಣು ತಣ್ಣಗೇ ಇರುತ್ತದೆ. ಅದು 7 ಡಿಗ್ರಿಯಾದರೂ ದಾಟದೆ ಕ್ಯಾರೆಟ್ ಬಿತ್ತಿ ಪ್ರಯೋಜನವಿಲ್ಲ. ಬ್ರಾಡ್ ಬೀನ್ಸ್, ಬಟಾಣಿ, ಈರುಳ್ಳಿ ಚಳಿ ತಡೆಯುತ್ತವೆ, ಮೊದಲ ಸರದಿ ಅವುಗಳದು. ಆಲೂಗಡ್ಡೆಯನ್ನು ಮೊಟ್ಟೆಯ ಟ್ರೇಯಲ್ಲಿ ಬೆಳಕಿಗಿಟ್ಟು, ಮೊಳಕೆ ಬರಿಸಿ, ಗುಡ್ ಫ್ರೈಡೇ ಹೊತ್ತಿಗೆ ನೆಡುವುದು ಹಳಬರ ರೂಢಿ. ಕುಂಬಳದ ಸಸಿಗಳು ಮಾತ್ರ ಮೇ ಕೊನೆಯವರೆಗೂ ಕಿಟಕಿಯ ಪಕ್ಕದ ಕುಂಡಗಳಲ್ಲೇ. ರಾತ್ರಿಯ ಹಿಮದ ಭಯ.

ಬಿತ್ತುವ ದಿನ ಯಾವುದು? ಅಪ್ಪ ಪೊಟ್ಟಣದ ಮೇಲಿನ ತಿಂಗಳನ್ನು ನಂಬುವವನಲ್ಲ. “ಮುಟಿಗ್ಯಾಗ ಹಿಡದು ಒತ್ತು. ಉಂಡಿ ಆಗಿ, ಬೆರಳಿಂದ ತಟ್ಟಿದ್ರ ಒಡೀತಂದ್ರ ಹದ. ಅಂಟಿದ್ರ ಇನ್ನೆರಡು ದಿನ ತಡಿ.” ಪಕ್ಕದ ತುಂಡಿನ ನಿವೃತ್ತ ಬಸ್ ಡ್ರೈವರ್ ಕೂಡ ಹೀಗೇ ಮಣ್ಣು ಹಿಡಿದು ನೋಡುತ್ತಾರೆ. ಅವರ ಮಾತಿನಲ್ಲಿ ‘ಟಿಲ್ತ್’ ಎಂಬ ಪದವಿದೆ. ಅದು ಮಣ್ಣಿನ ಹುಡಿತನವನ್ನು ಹೇಳುತ್ತದೆ. ನಮ್ಮ ‘ಹದ’ದಲ್ಲಿ ಹೊತ್ತೂ ಸೇರಿದೆ.

ಈ ಏಪ್ರಿಲ್‌ನಲ್ಲಿ ಆ ಹಿರಿಯರು ಆಸ್ಪ್ಯಾರಗಸ್‌ನ ಆರು ಬೇರುಗಡ್ಡೆ ತಂದುಕೊಟ್ಟರು. ನೆಟ್ಟ ಮೊದಲೆರಡು ವರ್ಷ ಅದನ್ನು ಕೊಯ್ಯುವಂತಿಲ್ಲ. ಆಮೇಲೆ ಇಪ್ಪತ್ತು ವರ್ಷದವರೆಗೂ ಕೊಡುತ್ತದೆ. ನನ್ನ ವೀಸಾ ಮುಂದಿನ ಜನವರಿಗೆ ಮುಗಿಯುತ್ತದೆ, ಪ್ರಬಂಧದ ಎರಡು ಅಧ್ಯಾಯ ಬಾಕಿ. ನಾಲ್ಕೈದು ವಾರಕ್ಕೆ ಕೈಗೆ ಬರುವ ಮೂಲಂಗಿಯೇ ನನ್ನಂಥವಳಿಗೆ ಸರಿಯಾದ ಬೆಳೆ ಅನ್ನಿಸಿತ್ತು. ಅತ್ತ ಅಪ್ಪ ಮೊಣಕಾಲು ನೋವಿನಿಂದ ಕಳೆದ ವರ್ಷ ಹೊಲವನ್ನು ಲಾವಣಿಗೆ ಕೊಟ್ಟಿದ್ದಾನೆ. ನೀ ಯಾವಾಗ ಬರ್ತಿ ಎಂದು ಅವನು ಕೇಳುವುದಿಲ್ಲ. ಬಿತ್ತೂದು ಆತೇನು ಎಂದಷ್ಟೇ ಕೇಳುತ್ತಾನೆ. ನಾನೂ ಉತ್ತರ ಅಷ್ಟಕ್ಕೇ ಕೊಡುತ್ತೇನೆ.

ಬೇರುಗಡ್ಡೆಯ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಬದುವಿನ ಬೇವು ನಾ ಹಚ್ಚಿದ್ದಲ್ಲ, ನಮ್ಮ ಮುತ್ಯಾ ಹಚ್ಚಿದ್ದು. ಅದರ ನೆರಳಿಗೆ ಕುಂತು ಬುತ್ತಿ ಉಂಡಾಂವ ನಾ,” ಅಂದ. ಹೊಲದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶನಿವಾರ ಗೇಣುದ್ದ ಆಳದ ಕಾಲುವೆ ತೆಗೆದೆ. ನಡುವೆ ಮಣ್ಣಿನ ದಿಂಡು ಏರಿಸಿ, ಗಡ್ಡೆಗಳನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಹರಡಿ ಮುಚ್ಚಿದೆ. ಪಕ್ಕದ ಸಾಲಿಗೆ ಮೂಲಂಗಿ ಹಾಕಿದೆ. ಎರಡಕ್ಕೂ ಗುರುತಿನ ಕಡ್ಡಿ ನೆಟ್ಟಿದ್ದೇನೆ. ಆಸ್ಪ್ಯಾರಗಸ್ ಕಡ್ಡಿಯ ಮೇಲೆ, ಕಾಯುವವರ ಪಟ್ಟಿಯಲ್ಲಿ ನನ್ನ ನಂತರ ಯಾರಿದ್ದಾರೋ ಅವರಿಗೆಂದು, ನೆಟ್ಟ ತಾರೀಖನ್ನೂ ಎರಡು ವರ್ಷ ಕೊಯ್ಯಬೇಡಿ ಎಂಬುದನ್ನೂ ಬರೆದಿದ್ದೇನೆ.