ಊದದ ಸೀಟಿ

ನಮ್ಮ ಮನೆಯ ಟೀವಿ ಕೆಳಗಿನ ಡ್ರಾಯರಿನಲ್ಲಿ, ಸತ್ತ ಬ್ಯಾಟರಿ, ಹಳೇ ರಿಮೋಟು, ಯಾವ ಬೀಗದ್ದೋ ಗೊತ್ತಿಲ್ಲದ ಮೂರು ಕೀಲಿಕೈಗಳ ನಡುವೆ, ಒಂದು ಹಿತ್ತಾಳೆ ಸೀಟಿ ಇದೆ. ಮೇಲಿನ ಬೆಳ್ಳಿಬಣ್ಣ ಬಾಯಿಡುವ ಕಡೆ ಸವೆದು ಒಳಗಿನ ಹಳದಿ ಇಣುಕುತ್ತದೆ. ಅದು ನನ್ನ ಸೋದರಮಾವನದು. ಮಾಮ ಹಗಲು ಕಾರ್ಖಾನೆಯಲ್ಲಿ ಫಿಟ್ಟರ್, ಸಂಜೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಡಿವಿಷನ್ ಲೀಗಿನ ರೆಫ್ರಿ. ಗ್ಯಾಲರಿ ತುಂಬ ಆಸ್ಟಿನ್ ಟೌನ್, ಗೌತಮಪುರದ ಜನ. ಕನ್ನಡ, ತಮಿಳು, ನಮ್ಮ ಬೆಂಗಳೂರಿನ ಉರ್ದು ಮೂರರಲ್ಲೂ ಬೈಗುಳ ಬರುತ್ತಿತ್ತು. ರೆಫ್ರಿಯಾದವನಿಗೆ ಮೂರು ಭಾಷೆಯ ಬೈಗುಳವೂ ಅರ್ಥವಾಗಬೇಕು, ಒಂದಕ್ಕೂ ಉತ್ತರ ಗೊತ್ತಿರಬಾರದು ಅನ್ನುತ್ತಿದ್ದ ಮಾಮ.

ಸೀಟಿಯ ಹೊಟ್ಟೆಯೊಳಗೆ ಬಟಾಣಿ ಗಾತ್ರದ ಬೆಂಡಿನ ಗುಂಡೊಂದಿದೆ. ಊದಿದರೆ ಅದು ಗಿರಗಿರನೆ ಸುತ್ತಿ ಗಾಳಿಯನ್ನು ತುಂಡುತುಂಡು ಮಾಡುತ್ತದೆ. ಮೈ ಜುಮ್ಮೆನಿಸುವ ಆ ಕಂಪನ ಬರುವುದು ಹಾಗೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೋಸೆಫ್ ಹಡ್ಸನ್ ಎಂಬಾತ 1883ರಲ್ಲಿ ಲಂಡನ್ ಪೊಲೀಸರಿಗೆ ಸೀಟಿ ಮಾಡಿಕೊಟ್ಟ. ಕೈಯಿಂದ ಜಾರಿಬಿದ್ದ ಪಿಟೀಲಿನ ತಂತಿ ಹೊರಡಿಸಿದ ಕರ್ಕಶ ಸದ್ದೇ ಅವನಿಗೆ ಸ್ಫೂರ್ತಿ ಎಂಬ ಕತೆಯಿದೆ. ಮರುವರ್ಷ ಆಟದ ಬಯಲಿಗೆಂದು ಬೆಂಡಿನ ಗುಂಡಿನ ‘ಥಂಡರರ್’ ತಂದ. ಮಾಮನದು ಅದರ ವಂಶದ್ದೇ ಇರಬೇಕು, ಅಥವಾ ಶಿವಾಜಿನಗರದ ದತ್ತುಪುತ್ರ. ಅದಕ್ಕೂ ಮೊದಲು ರೆಫ್ರಿಗಳು ಕರವಸ್ತ್ರ ಬೀಸುತ್ತಿದ್ದರಂತೆ. ನಮ್ಮ ಅಶೋಕನಗರದ ಗ್ಯಾಲರಿಯೆದುರು ಯಾರಾದರೂ ಕರವಸ್ತ್ರ ಬೀಸಿದ್ದರೆ ಶರಣಾಗತಿಯೆಂದೇ ತಿಳಿಯುತ್ತಿದ್ದರು.

ಸೀಟಿಯ ವಿಷಯ ಎತ್ತಲು ಕಾರಣವಿದೆ. ನನ್ನ ಫುಟ್‌ಬಾಲ್ ಬಾಳಿನ ಅತ್ಯಂತ ದೊಡ್ಡ ಸಂತೋಷವೂ ಅತ್ಯಂತ ದೊಡ್ಡ ಮುಜುಗರವೂ ಒಂದೇ ಕ್ಷಣದಲ್ಲಿ ಬಂದವು. ಆ ಕ್ಷಣದಲ್ಲಿ ಸೀಟಿ ಊದಿರಲಿಲ್ಲ.

2023ರ ಮಾರ್ಚ್ 3, ಶುಕ್ರವಾರ. ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್, ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸಿಗೂ. ಅಭಿಮಾನಿ ಬಳಗಗಳಲ್ಲಿ ನಮ್ಮ ಕಡೆ ವೆಸ್ಟ್ ಬ್ಲಾಕ್ ಬ್ಲೂಸ್, ಅವರ ಕಡೆ ಹಳದಿ ತೊಟ್ಟ ಮಂಜಪ್ಪಡ. ತೊಂಬತ್ತು ನಿಮಿಷದಲ್ಲಿ ಒಂದೂ ಗೋಲಿಲ್ಲ. ಹೆಚ್ಚುವರಿ ಆಟದ ಆರನೇ ನಿಮಿಷಕ್ಕೆ ಬಾಕ್ಸಿನ ಹೊರಗೆ ನಮಗೆ ಫ್ರೀಕಿಕ್. ಅವರ ಗೋಲ್‌ಕೀಪರ್ ತನ್ನವರನ್ನು ಗೋಡೆಯಾಗಿ ನಿಲ್ಲಿಸುವ ಮೇಸ್ತ್ರಿ ಕೆಲಸದಲ್ಲಿದ್ದ. ಸುನಿಲ್ ಛೆಟ್ರಿ ಚೆಂಡಿನ ಬಳಿ ನಿಂತಿದ್ದವನು, ಪಕ್ಕದ ಮನೆಗೆ ಸಾರಿನ ಪಾತ್ರೆ ದಾಟಿಸುವಷ್ಟು ಮೆತ್ತಗೆ ಅದನ್ನು ಎತ್ತಿ ಬಲೆಯೊಳಗೆ ಹಾಕಿಬಿಟ್ಟ. ಒಂದು ಗಳಿಗೆ ಇಡೀ ಕ್ರೀಡಾಂಗಣ ಮಂಕಾಯಿತು. ಆಮೇಲೆ ರೆಫ್ರಿ ನಡುಗೆರೆಯತ್ತ ಕೈ ತೋರಿದರು. ಹೆಸರೂ ಗೊತ್ತಿಲ್ಲದ ಪಕ್ಕದವನನ್ನು ನಾನು ಅಪ್ಪಿಕೊಂಡೆ.

ಬ್ಲಾಸ್ಟರ್ಸ್ ಆಟಗಾರರು ರೆಫ್ರಿಯನ್ನು ಮುತ್ತಿದರು. ಅವರ ಕೋಚ್ ಇವಾನ್ ವುಕೊಮನೊವಿಚ್ ಅಂಗಳಕ್ಕೆ ಬಂದು ತನ್ನ ಹುಡುಗರನ್ನೆಲ್ಲ ಕರೆದುಕೊಂಡು ಹೊರಟೇಬಿಟ್ಟ. ಮದುವೆಮನೆಯಲ್ಲಿ ಬೀಗರು ಮುನಿಸಿಕೊಂಡು ಎಲೆ ಮುಂದಿನಿಂದ ಎದ್ದುಹೋಗುತ್ತಾರಲ್ಲ, ಥೇಟ್ ಹಾಗೆ. ಒಂದಷ್ಟು ಹೊತ್ತು ಕಾದರು, ಅವರು ಬರಲಿಲ್ಲ, ಗೆಲುವು ನಮ್ಮದೆಂದು ಘೋಷಣೆಯಾಯಿತು. ಗೆದ್ದವರ ಮುಖದಲ್ಲಿ ಊಟ ಅರ್ಧಕ್ಕೆ ನಿಂತ ಕಳೆ.

ನಿಯಮ ಏನೆಂದರೆ, ಎದುರಾಳಿ ಹತ್ತು ಗಜ ಹಿಂದೆ ಸರಿಯಲಿ ಎಂದು ಕೇಳುವುದು ಫ್ರೀಕಿಕ್ ಸಿಕ್ಕವರ ಹಕ್ಕು. ಕೇಳದೆ ತಟಕ್ಕನೆ ಒದೆಯಬಹುದು, ಅದಕ್ಕೆ ಸೀಟಿ ಬೇಕಿಲ್ಲ. ಆದರೆ ರೆಫ್ರಿ ಗೋಡೆ ಸರಿಸುವ ಕೆಲಸಕ್ಕೆ ಇಳಿದರೋ, ಆಮೇಲೆ ಸೀಟಿ ಊದಿದ ಮೇಲೆಯೇ ಒದೆಯಬೇಕು. ನಮ್ಮ ಪ್ರಕಾರ ಮೊದಲನೆಯದು ನಡೆದಿತ್ತು, ಅವರ ಪ್ರಕಾರ ಎರಡನೆಯದು. ಮಾಮ ಇದ್ದಿದ್ದರೆ ಕೇಳುತ್ತಿದ್ದೆ. ಅವನು ಹೋಗಿ ಆಗಲೇ ಹನ್ನೊಂದು ವರ್ಷವಾಗಿತ್ತು.

ನಮ್ಮ ರಸ್ತೆ ತಿರುವಿನ ಬೇಕರಿ ಮಲಯಾಳಿಯದು. ನಾವೆಲ್ಲ ಚೇಟ ಎಂದೇ ಕರೆಯುತ್ತೇವೆ. ಮಾರನೇ ಬೆಳಗ್ಗೆ ಟೀ ಕೊಡುವಾಗ ಗ್ಲಾಸನ್ನು ಎಂದಿಗಿಂತ ಸ್ವಲ್ಪ ಜೋರಾಗಿ ಕುಕ್ಕಿದ.

“ಯಾಕ್ ಚೇಟಾ, ಕೋಪಾನಾ?”

“ಇಲ್ಲ ಸಾರ್. ನೀವು ದುಡ್ಡು ಕೊಡೋಕೆ ಮುಂಚೆ ನಾನು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡೆ ಅನ್ಕೊಳ್ಳಿ. ಸೀಟಿ ಬೇಕಾಗಿಲ್ಲ ಅಲ್ವಾ?”

ಅದೇ ಶನಿವಾರ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷಕ್ಕೆ. ಆದರೆ ಊರೆಲ್ಲ ಛೆಟ್ರಿಯ ಫ್ರೀಕಿಕ್ಕಿನ ಜಗಳದಲ್ಲಿ ಮುಳುಗಿತ್ತು. ಮಾಮನ ಕಾಲದ ಆ ಕಪ್ಪು ಮನೆಗೆ ಬಂದದ್ದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ, ನನಗೂ. ಇನ್ನೊಂದು ತಮಾಷೆ ನೋಡಿ: ದೇಶದ ಹೊರಗೆ ಆಡಿಸಿದ ಆ ಸೆಮಿಫೈನಲ್, ಫೈನಲ್‌ಗಳಿಗೆ ವಿಡಿಯೋ ನೋಡಿ ತೀರ್ಪು ತಿದ್ದುವ ವಿಎಆರ್ ವ್ಯವಸ್ಥೆ ಇತ್ತು. ಕೋಟಿಗಳ ಮಾತಾಡುವ ನಮ್ಮ ಲೀಗಿಗೆ ಅದು ದುಬಾರಿ. ಬಡ ರಾಜ್ಯ ತಂಡಗಳು ಪರದೇಶದ ಅಂಗಳದಲ್ಲಿ ಅದನ್ನು ಅನುಭವಿಸಿ ಬಂದವು. ನೆಂಟರ ಮನೆಯಲ್ಲಿ ಗೀಸರಿನ ನೀರು ಮೀಯುವ ಹಾಗೆ.

ಎರಡು ವಾರ ಕಳೆದು, ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಸೂಪರ್ ಲೀಗಿನ ಫೈನಲ್. ಎದುರಿಗೆ ಎಟಿಕೆ ಮೋಹನ್ ಬಾಗಾನ್. ಪಂದ್ಯ 2–2, ಆ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿ. ಅವರಿಗೆ ಸಿಕ್ಕ ಎರಡನೆಯದು 85ನೇ ನಿಮಿಷದ್ದು. ಕಾಲು ತಾಗಿದ್ದು ಬಾಕ್ಸಿನ ಒಳಗೋ ಹೊರಗೋ ಎಂದು ನಾನು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ನನ್ನ ಮೂಗಿನ ಪ್ರಕಾರ ಹೊರಗೆ. ಕೊನೆಗೆ ಪೆನಾಲ್ಟಿ ಶೂಟೌಟಿನಲ್ಲಿ 4–3ಕ್ಕೆ ಸೋತೆವು. “ಮೋಸ!” ಎಂದು ಕೂಗಲು ಬಾಯಿ ತೆರೆದೆ. ಹದಿನೈದು ದಿನದ ಹಿಂದೆ ಅಪ್ಪಿಕೊಂಡ ಆ ಅಪರಿಚಿತನ ಬೆವರಿನ ವಾಸನೆ ನೆನಪಾಯಿತು. ಬಾಯಿ ಮುಚ್ಚಿದೆ. ನಮ್ಮ ಕ್ಲಬ್ಬಿನ ಒಡೆಯರಿಗೆ ಆ ತೊಂದರೆ ಇರಲಿಲ್ಲ, ಲೀಗಿಗೆ ವಿಎಆರ್ ಬೇಕೇ ಬೇಕೆಂದು ಆ ರಾತ್ರಿಯೇ ಟ್ವೀಟ್ ಮಾಡಿದರು. ಬೆಳಗ್ಗೆ ಚೇಟ ಟೀ ಜೊತೆ ಕೇಳದೆಯೇ ಒಂದು ದಿಲ್‌ಪಸಂದ್ ಇಟ್ಟ. “ಇದಕ್ಕೆ ಸೀಟಿ ಊದಿದ್ರಲ್ಲ ಸಾರ್,” ಅಂದ.

ಮಾರ್ಚ್ 31ಕ್ಕೆ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ತೀರ್ಪು ಕೊಟ್ಟಿತು. ಅಂಗಳ ಬಿಟ್ಟುಹೋದದ್ದಕ್ಕೆ ಬ್ಲಾಸ್ಟರ್ಸಿಗೆ ನಾಲ್ಕು ಕೋಟಿ ದಂಡ, ಕೋಚಿಗೆ ಹತ್ತು ಪಂದ್ಯ ನಿಷೇಧ ಮತ್ತು ಐದು ಲಕ್ಷ. ಜೊತೆಗೆ ಕ್ಲಬ್ಬು ಬಹಿರಂಗವಾಗಿ ಕ್ಷಮೆ ಕೇಳಬೇಕು. ಕೇಳದಿದ್ದರೆ ದಂಡ ಆರು ಕೋಟಿ. ನಾನು ಎರಡು ಸಲ ಓದಿದೆ. ಆರರಲ್ಲಿ ನಾಲ್ಕು ಕಳೆದರೆ ಎರಡು. ಒಂದು ‘ತಪ್ಪಾಯಿತು’ವಿನ ಮಾರುಕಟ್ಟೆ ದರ ಎರಡು ಕೋಟಿ ರೂಪಾಯಿ ಎಂದು ಈ ದೇಶದಲ್ಲಿ ಲಿಖಿತವಾಗಿ ನಿಗದಿಯಾದದ್ದು ಅದೇ ಮೊದಲಿರಬೇಕು. ಬ್ಲಾಸ್ಟರ್ಸ್ ಕೆಲವೇ ದಿನಕ್ಕೆ ಕ್ಷಮೆ ಕೇಳಿದರು. ಯಾರು ಕೇಳುವುದಿಲ್ಲ? ಆ ದರಕ್ಕೆ ನಾನು ದಿನಾ ಬೆಳಗ್ಗೆ ಎದ್ದು ಕೇಳಿಯೇನು.

ಅಂಗಳ ಬಿಟ್ಟು ಹೋದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ದಂಡದ ಆದೇಶ ನಾನು ನೋಡಿದೆ. ಆ ಸಂಜೆ ರೆಫ್ರಿ ಆಟಗಾರರಿಗೆ ಏನು ಹೇಳಿದರು, ಫತೋರ್ಡಾದಲ್ಲಿ ಆ ಕಾಲು ಎಲ್ಲಿ ತಾಗಿದ್ದೆಂದು ಕಂಡರು, ಇದನ್ನು ಟಿಕೆಟ್ ಕೊಂಡವನಿಗೆ ಹೇಳುವ ಒಂದು ಪುಟ ಕಾಗದವೂ ನನ್ನವರೆಗೆ ಬರಲಿಲ್ಲ. ಕ್ಷಮೆಯ ಸಾಗಾಣಿಕೆ ನಮ್ಮಲ್ಲಿ ಒನ್‌ವೇ.

ಮಾಮನ ಒಂದು ಸಂಜೆ ನೆನಪಾಗುತ್ತದೆ. ನನಗಾಗ ಹತ್ತೋ ಹನ್ನೊಂದೋ. ಒಬ್ಬ ತೆಳ್ಳಗಿನ ಲೆಫ್ಟ್ ವಿಂಗರ್ ಗೋಲು ಹೊಡೆದ, ಮಾಮ ಆಫ್‌ಸೈಡ್ ಎಂದ, ಆ ತಂಡ ಸೋತಿತು. ಹೊರಗೆ ಬರುವಾಗ ಮಾಮನ ಸೈಕಲ್ಲಿನ ಎರಡೂ ಚಕ್ರದ ಗಾಳಿ ಹೋಗಿತ್ತು. ಸೈಕಲ್ ತಳ್ಳಿಕೊಂಡು ಮನೆವರೆಗೆ ನಡೆದೆವು, ದಾರಿಯುದ್ದಕ್ಕೂ ಒಂದು ಮಾತಿಲ್ಲ. ರಾತ್ರಿ ಅತ್ತೆ ಮುದ್ದೆ ಬಡಿಸಿದರೆ ಅದರ ನೆತ್ತಿಯ ಮೇಲೆ ಬೆರಳಿಂದ ಗುಂಡಿ ಮಾಡುತ್ತ ಕೂತ. “ಲೈನ್ಸ್‌ಮನ್ ಬಾವುಟ ಎತ್ತಿದ, ನಾನು ನಂಬಿದೆ. ನಾನು ಇಪ್ಪತ್ತು ಗಜ ಹಿಂದಿದ್ದೆ ಕಣೇ,” ಅಂದ. ಅತ್ತೆಗೆ ಆಫ್‌ಸೈಡ್ ಅಂದರೆ ಏನೆಂದು ಗೊತ್ತಿರಲಿಲ್ಲ. “ತಪ್ಪಿದ್ರೆ ಹೋಗಿ ಹೇಳಿ, ಮುದ್ದೆ ಆರ್‌ತಾ ಇದೆ,” ಅಂದಳು.

ಮರುದಿನ ಆ ಹುಡುಗರು ಪ್ರ್ಯಾಕ್ಟೀಸ್ ಮಾಡುವ ಬಯಲಿಗೆ ಮಾಮ ನನ್ನನ್ನೂ ಕರೆದೊಯ್ದ. ನಾನು ಕಲ್ಲು ಬೀಳಬಹುದೆಂದು ಅವನ ಹಿಂದೆ ನಿಂತೆ.

“ನಿನ್ನೇದು ಗೋಲು ಕಣಪ್ಪಾ. ನಾನು ಹಿಂದೆ ಬಿದ್ದಿದ್ದೆ, ಕಾಣಲಿಲ್ಲ.”

ಹುಡುಗ ಬೂಟಿನ ಲೇಸು ಕಟ್ಟುತ್ತಲೇ ಕೇಳಿದ: “ಈಗ್ ಹೇಳಿ ಏನ್ ಸಾರ್ ಬಂತು? ಪಾಯಿಂಟ್ ವಾಪಸ್ ಕೊಡ್ತೀರಾ?”

“ಇಲ್ಲ. ಟೀ ಕೊಡಿಸ್ತೀನಿ.”

ಹನ್ನೊಂದು ಟೀ, ನನಗೊಂದು ಬನ್ನು. ಆಮೇಲೂ ಅವರು ಮಾಮನನ್ನು ಬೈಯುವುದು ಬಿಡಲಿಲ್ಲ, ಆದರೆ ಸೈಕಲ್ ಮುಟ್ಟಲಿಲ್ಲ.

ರೆಫ್ರಿ ಎಂಬ ಹುದ್ದೆ ಮೊದಲಿನಿಂದಲೂ ಹೀಗೆ ಒಂಟಿಯಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಶುರುವಿಗೆ ತಂಡಕ್ಕೊಬ್ಬರಂತೆ ಇಬ್ಬರು ಅಂಪೈರುಗಳು ಒಳಗಿರುತ್ತಿದ್ದರು. ಅವರಿಬ್ಬರಿಗೂ ಹೊಂದಿಕೆಯಾಗದಿದ್ದಾಗ ಮಾತ್ರ ಗೆರೆಯಾಚೆ ನಿಂತ ಮೂರನೆಯವರನ್ನು ಕೇಳುವುದು. ತೀರ್ಪಿಗೆ ಯಾರನ್ನು ಕೇಳುತ್ತಾರೋ ಅವನು ಎಂಬುದೇ ರೆಫ್ರಿ ಎಂಬ ಪದದ ಅರ್ಥ. 1891ರಲ್ಲಿ ಅವನನ್ನು ಅಂಗಳದ ಮಧ್ಯಕ್ಕೆ ತಂದು, ಅಂಪೈರುಗಳನ್ನು ಗೆರೆಗೆ ಅಟ್ಟಿದರು. ಅದೇ ವರ್ಷ ಪೆನಾಲ್ಟಿ ಕಿಕ್ಕೂ ಹುಟ್ಟಿತು. ಜಗಳವನ್ನೂ ಜಗಳಕ್ಕೆ ಕಾರಣವನ್ನೂ ಒಂದೇ ವರ್ಷ ತಂದವರ ದೂರದೃಷ್ಟಿಯನ್ನು ಮೆಚ್ಚಬೇಕು.

ಅಲ್ಲಿಂದ ಮುಂದಕ್ಕೆ ತಪ್ಪುಗಳದೇ ಒಂದು ಪುರಾಣ. 1986ರಲ್ಲಿ ಮರಡೋನ ಇಂಗ್ಲೆಂಡಿನ ಮೇಲೆ ಕೈಯಲ್ಲಿ ಹೊಡೆದ ಗೋಲನ್ನು ಟ್ಯುನೀಷಿಯಾದ ರೆಫ್ರಿ ಅಲಿ ಬಿನ್ ನಾಸರ್ ಎತ್ತಿಹಿಡಿದರು. 2015ರಲ್ಲಿ ಮರಡೋನನೇ ಅವರ ಮನೆಗೆ ಹೋಗಿ ತಬ್ಬಿಕೊಂಡು, ಅಂಗಿಗೆ ಸಹಿ ಹಾಕಿಕೊಟ್ಟ. ಆ ಪಂದ್ಯದ ಚೆಂಡು ಬಿನ್ ನಾಸರ್ ಬಳಿಯೇ ಇತ್ತು. 2022ರಲ್ಲಿ ಹರಾಜಿಗಿಟ್ಟಾಗ ಇಪ್ಪತ್ತು ಲಕ್ಷ ಪೌಂಡಿಗೆ ಹೋಯಿತು. ಮಾಮ ಹನ್ನೊಂದು ಟೀ ಖರ್ಚು ಮಾಡಿದ್ದನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆಂದು ನಾನೂ ನಂಬಿದ್ದವನೇ. 2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ಮೇಲೆ ಲಿವರ್‌ಪೂಲಿನ ಲೂಯಿಸ್ ಡಿಯಾಜ್ ಗೋಲು ಹೊಡೆದ. ಅಂಗಳದಲ್ಲಿ ಆಫ್‌ಸೈಡ್ ಎಂದರು. ವಿಡಿಯೋ ಕೋಣೆಯಲ್ಲಿ ಗೆರೆ ಎಳೆದು ನೋಡಿದರೆ ಆಫ್‌ಸೈಡ್ ಅಲ್ಲ. ಸರಿ, ಯಂತ್ರ ಗೆದ್ದಿತು ಅನ್ನಿ. ಆದರೆ ಅಲ್ಲಿ ಕೂತವರು ಅಂಗಳದ ತೀರ್ಪು ಗೋಲು ಎಂದೇ ಇತ್ತೆಂದು ಭ್ರಮಿಸಿ ‘ಪರಿಶೀಲನೆ ಮುಗಿಯಿತು, ಸರಿಯಿದೆ’ ಎಂದುಬಿಟ್ಟರು. ಸರಿಯಿದ್ದದ್ದು ತಪ್ಪಾಗಿಯೇ ಉಳಿಯಿತು. ತಿಳಿಯುವ ಹೊತ್ತಿಗೆ ಆಟ ಮತ್ತೆ ಶುರುವಾಗಿತ್ತು, ಹಿಂದೆ ಹೋಗುವಂತಿಲ್ಲ. ಲಿವರ್‌ಪೂಲ್ 2–1ರಿಂದ ಸೋತಿತು.

ನನಗೆ ಹೊಟ್ಟೆಕಿಚ್ಚಾದದ್ದು ಅವರ ಯಂತ್ರದ ಮೇಲಲ್ಲ. ಮೂರು ದಿನದೊಳಗೆ ಅಲ್ಲಿನ ರೆಫ್ರಿಗಳ ಸಂಸ್ಥೆ ಆ ಕೋಣೆಯ ಧ್ವನಿಮುದ್ರಣವನ್ನೇ ಹೊರಗೆ ಬಿಟ್ಟಿತು. ಎಡವಟ್ಟು ಅರಿವಾದಾಗ ಬಾಯಿತಪ್ಪಿ ಹೊರಟ ಉದ್ಗಾರ ಸಮೇತ. ಅಷ್ಟು ದೂರದ, ನನಗೆ ಸಂಬಂಧವೇ ಇಲ್ಲದ ಪಂದ್ಯದ ಆ ದನಿ ಕೇಳುತ್ತ ಕೂತವನಿಗೆ ಮುದ್ದೆಯ ಮೇಲೆ ಗುಂಡಿ ಮಾಡುತ್ತಿದ್ದ ಬೆರಳು ಕಣ್ಣಮುಂದೆ ಬಂತು.

2025ರ ಜುಲೈ 11ರಂದು ನಮ್ಮ ಲೀಗನ್ನು ತಡೆಹಿಡಿದಿದ್ದೇವೆ ಎಂದು ನಡೆಸುವ ಕಂಪನಿ ಹೇಳಿತು. ಫೆಡರೇಷನ್ನಿನ ಜೊತೆಗಿನ ಅದರ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದವರ ಸಂಬಳ ನಿಲ್ಲಿಸಿತು. ಸೆಪ್ಟೆಂಬರ್ ಬಂತು, ಪಂದ್ಯ ಬರಲಿಲ್ಲ. ಇಷ್ಟು ವರ್ಷ ರೆಫ್ರಿ ಕುರುಡ ಎಂದು ಕೂಗಿ ಗಂಟಲು ಕೆಡಿಸಿಕೊಂಡವರು ನಾವು. ಆಗ ಕೂಗೋಣವೆಂದರೆ ಕುರುಡನೂ ಇರಲಿಲ್ಲ. “ಸಾರ್, ಆ ರೆಫ್ರೀನಾದ್ರೂ ಬರಲಿ ಅನ್ಸುತ್ತೆ,” ಅಂದ ಚೇಟ. ಬ್ಲಾಸ್ಟರ್ಸಿನವನ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಆ ದಿನಗಳಲ್ಲೇ ಒಂದು ಭಾನುವಾರ ಡ್ರಾಯರಿನಿಂದ ಸೀಟಿ ತೆಗೆದೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಕ್ಕಳು ಆಡುತ್ತಾರೆ. ಎರಡು ಕಂಬಗಳ ನಡುವೆ ಗೋಲು, ನೆಲದ ಮೇಲೆ ಸೀಮೆಸುಣ್ಣದ ಬಾಕ್ಸು, ಅದರ ಒಂದು ಮೂಲೆ ಯಾರದೋ ಆಕ್ಟಿವಾದ ಹಿಂದಿನ ಚಕ್ರದ ಕೆಳಗೆ. ಅಂಕಲ್ ರೆಫ್ರಿ ಆಗ್ತೀರಾ ಎಂದು ಅವರೇ ಕೇಳಿದ್ದು. ಊದಿದರೆ ಮೊದಲು ಬರೀ ಗಾಳಿ, ಗುಂಡು ಒಣಗಿ ಅಂಟಿಕೊಂಡಿತ್ತು. ಅಂಗೈಗೆ ನಾಲ್ಕು ಸಲ ಬಡಿದೆ. ಬೇಸ್‌ಮೆಂಟಿನಲ್ಲಿ ಅದು ಗುಡುಗಿದ್ದಕ್ಕೆ ಮೇಲಿಂದ ಯಾರೋ ಕುಕ್ಕರ್ ಇಳಿಸಿ ಎಂದರು.

ಹತ್ತನೇ ನಿಮಿಷಕ್ಕೆ ಒಬ್ಬ ಬಿದ್ದ, ನಾನು ಊದಿ ಪೆನಾಲ್ಟಿ ಎಂದೆ. ಗೋಲಾಯಿತು. ಎದುರು ತಂಡದ ಒಂಬತ್ತು ವರ್ಷದ ಕ್ಯಾಪ್ಟನ್ ಎರಡು ಜಡೆ ಕುಣಿಸುತ್ತ ಬಂದಳು, ಅವಳ ಹಿಂದೆ ಮೊಬೈಲ್ ಹಿಡಿದ ಅವಳಣ್ಣ.

“ಅಂಕಲ್, ರಿಪ್ಲೇ ನೋಡಿ.”

ನೋಡಿದೆ. ಅವಳು ಎರಡು ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿದಳು. ಬಿದ್ದವನ ಕಾಲು ಆಕ್ಟಿವಾದ ಚಕ್ರದಿಂದ ಒಂದು ಗೇಣು ಹೊರಗಿತ್ತು. ಮೂಗು ತಾಗಿಸುವ ಅಗತ್ಯವೇ ಇರಲಿಲ್ಲ. ಇಡೀ ಬೇಸ್‌ಮೆಂಟ್ ನನ್ನನ್ನೇ ನೋಡುತ್ತಿತ್ತು. ಬಾಯಿ ತೆರೆದೆ, ಒಳಗಿದ್ದ ಮಾತು ತುಟಿವರೆಗೆ ಬಂತು. ಅಲ್ಲಿ ಸೀಟಿ ಅಡ್ಡವಿತ್ತು. ಜೋರಾಗಿ ಊದಿ, “ಹಾಫ್ ಟೈಮ್!” ಎಂದೆ.