ಒಂದು ನಗುವ ಇಮೋಜಿ

ನನ್ನ ತಂಗಿ ಕಾಲೇಜಿನಲ್ಲಿ 800 ಮೀಟರ್ ಓಡುತ್ತಿದ್ದಳು. ಬೆಳಗ್ಗೆ ಐದಕ್ಕೆ ಅವಳನ್ನು ಮೈದಾನಕ್ಕೆ ಬಿಡುತ್ತಿದ್ದವನು ನಾನೇ. ಹಾಗಾಗಿ 2021ರಲ್ಲಿ ನ್ಯೂಜಿಲೆಂಡ್‌ನ ಟ್ರಾನ್ಸ್ ವೇಟ್‌ಲಿಫ್ಟರ್ ಲಾರೆಲ್ ಹಬ್ಬರ್ಡ್ ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ವಿಭಾಗದಲ್ಲಿ ಸ್ಪರ್ಧೆಗಿಳಿದಾಗ, ಆಫೀಸ್ ಗ್ರೂಪಿನಲ್ಲಿ ‘ಇದು ಮೋಸ’ ಅಂತ ಮೊದಲು ಟೈಪ್ ಮಾಡಿದ್ದೂ ನಾನೇ. ಜೊತೆಗೊಂದು ನಗುವ ಇಮೋಜಿ.

ಹಬ್ಬರ್ಡ್ ಮೋಸ ಮಾಡಿರಲಿಲ್ಲ. ಟೆಸ್ಟೋಸ್ಟಿರಾನ್ ಲೀಟರಿಗೆ 10 ನ್ಯಾನೋಮೋಲ್‌ಗಿಂತ ಕಡಿಮೆ ಇರಬೇಕು ಅನ್ನೋ ಅಂದಿನ ನಿಯಮದ ಪ್ರಕಾರವೇ ಬಂದಿದ್ದರು. ಸ್ನ್ಯಾಚ್‌ನಲ್ಲಿ ಮೂರೂ ಪ್ರಯತ್ನ ವಿಫಲವಾಗಿ ಹೊರನಡೆದರು.

ಸಂಜೆ ತಂಗಿ ಮೆಸೇಜ್ ನೋಡಿದಳು. “ಗಂಡು ದೇಹವಾಗಿ ಬೆಳೆದಾಗ ಬಂದ ಎತ್ತರ, ಮೂಳೆ ಎಲ್ಲ ಹಾರ್ಮೋನ್ ಇಳಿಸಿದ್ರೆ ಹೋಗಲ್ಲ ಅಣ್ಣ. ನಂಗೂ ಇದು ಸರಿ ಅನ್ಸಲ್ಲ. ಆದ್ರೆ ನೀನು ನಕ್ಕಿದ್ದು ಯಾಕೆ?”

ಅವಳಿಗೆ ತಮಿಳುನಾಡಿನ ಶಾಂತಿ ಸೌಂದರರಾಜನ್ ಕಥೆ ಗೊತ್ತಿತ್ತು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಇದೇ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದವರು. ಟ್ರಾನ್ಸ್ ಅಲ್ಲ, ಹೆಣ್ಣಾಗಿಯೇ ಬೆಳೆದವರು. ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಊರೆಲ್ಲ ಅವರ ಮೈಯ ಬಗ್ಗೆ ಮಾತಾಡಿತು.

ಗಂಡು ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರಿಗೆ 2023ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಮಹಿಳಾ ವಿಭಾಗದ ಬಾಗಿಲು ಮುಚ್ಚಿತು. ದೊಡ್ಡ ಮಟ್ಟದ ಸ್ಪರ್ಧೆಗೆ ಅದು ಸರಿ ಅಂತಲೇ ನನಗೆ ಈಗಲೂ ಅನಿಸುತ್ತೆ. ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು. ಆದರೆ ಗೆರೆಯಾಚೆ ನಿಂತವರೂ ಮನುಷ್ಯರೇ, ಅವರನ್ನು ನೋಡಿ ನಗೋಕೆ ಯಾವ ನಿಯಮವೂ ಪರ್ಮಿಷನ್ ಕೊಟ್ಟಿಲ್ಲ.

ಅವತ್ತು ನನ್ನ ಮೆಸೇಜ್ ಆದ ಮೇಲೆ ಸಹೋದ್ಯೋಗಿಯೊಬ್ಬರು ಸದ್ದಿಲ್ಲದೆ ಗ್ರೂಪ್ ಬಿಟ್ಟಿದ್ದರು. ಯಾಕೆ ಅಂತ ನಾನು ಕೇಳಲೇ ಇಲ್ಲ.